ಕೈ ಕಟ್ಟಿ ನಿಲ್ಲಲು ಕಲಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಗೋಡೆಯ ಬದಿಗೆ ಸಾಲಾಗಿ ನಿಲ್ಲಿಸಿದ ಗಾಲಿಕುರ್ಚಿಗಳು, ಬಕೆಟ್ಟುಗಳು, ಮಡಿಸಿಟ್ಟ ಟವೆಲುಗಳ ರಾಶಿ. ಬಚ್ಚಲಿನ ಕಡೆಯಿಂದ ಬಾಯ್ಲರ್ ಗೊರಗೊರ ಅನ್ನುತ್ತಿದೆ. ಮೂಲೆಯ ಕೋಣೆಯಲ್ಲಿ, ಕಿಟಕಿ ಪಕ್ಕದ ಮಂಚದ ಹತ್ತಿರ, ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ ಯುವತಿ ನಿಂತಿದ್ದಾಳೆ. ಅವಳ ಕೈ ಮಂಚದ ಮೇಲಿನ ಹೊದಿಕೆಯ ಕಡೆಗೆ ಹೋಗುತ್ತದೆ.

“ಕೈ ಕಟ್ಟು,” ಎನ್ನುತ್ತದೆ ಬಾಗಿಲ ಕಡೆಯಿಂದ ಒಂದು ಒರಟು ದನಿ.

ಯುವತಿ ಬೆಚ್ಚಿ ಕೈ ಕಟ್ಟಿಕೊಳ್ಳುತ್ತಾಳೆ. ಮಂಚದ ಮೇಲಿರುವ ಮೂವತ್ತೈದರ ಆಸುಪಾಸಿನ ಹೆಂಗಸು ಒಂದೊಂದೇ ಮಾತನ್ನು ಗಂಟಲಿನಿಂದ ಎಳೆದು ತಂದು ಹೇಳುತ್ತಾಳೆ. “ಮೊದಲು ಪರದೆ ಸರಿಸಮ್ಮ. ಹೊದಿಕೆ ನಾನೇ ತೆಗೀತೀನಿ.” ಆಕೆಯ ಕೈ ನಡುಗುತ್ತದೆ. ಹೊದಿಕೆಯ ಅಂಚು ಬೆರಳಿಗೆ ಸಿಕ್ಕಿ ಜಾರುತ್ತದೆ, ಮತ್ತೆ ಸಿಕ್ಕಿ ಮತ್ತೆ ಜಾರುತ್ತದೆ. ಯುವತಿಯ ಭುಜ ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಬಾಗಿಲಲ್ಲಿ ನಿಂತವರು ಕೆಮ್ಮುತ್ತಾರೆ, ಭುಜ ಹಿಂದೆ ಸರಿಯುತ್ತದೆ. ಕೊನೆಗೂ ಹೊದಿಕೆ ಬದಿಗೆ ಸರಿದಾಗ ಮಂಚದ ಮೇಲಿನವಳು ಗೆದ್ದವಳ ಹಾಗೆ ಉಸಿರು ಬಿಡುತ್ತಾಳೆ. “ಈಗ ಎಡಗಾಲು. ಮೊಣಕಾಲಿನ ಕೆಳಗೆ ಹಿಡಿ. ಪಾದ ಹಿಡಿದು ಎಳೆದರೆ ನನಗೆ ಪ್ರಾಣ ಹೋಗತ್ತೆ. ಆಮೇಲೆ ಸಂಜೆವರೆಗೂ ನಿನ್ನ ಪ್ರಾಣ ತೆಗೀತೀನಿ.” ಯುವತಿ ನಗುತ್ತಾಳೆ. ಬಾಗಿಲಲ್ಲಿ ನಿಂತವರು ಮಾತ್ರ ನಗುವುದಿಲ್ಲ.

ಅವರೇ ಗಂಟುಮೋರೆಯಕ್ಕ. ಈ ಹೆಸರು ಇಟ್ಟವರು ಇಲ್ಲಿನ ನಿವಾಸಿಗಳೇ. ಬೆಳಗಿನ ಪಾಳಿ ಮುಗಿಯುವವರೆಗೆ ಅಕ್ಕನ ಹುಬ್ಬಿನ ಗಂಟು ಬಿಚ್ಚುವುದಿಲ್ಲವಂತೆ. ಹೆಸರು ಅವರ ಕಿವಿಗೂ ಬಿದ್ದಿದೆ, ಅದರ ಬಗ್ಗೆ ಅವರು ತಲೆ ಕೆಡಿಸಿಕೊಂಡಿಲ್ಲ. “ನನ್ನ ಮುಖ ನೋಡೋಕೆ ಬಂದಿದೀರಾ, ಕೆಲಸ ನೋಡೋಕೆ ಬಂದಿದೀರಾ?” ಎಂದು ಕೇಳಿ, ಪತ್ರಿಕೆಯಿಂದ ಬಂದವರ ಕೈಗೂ ಒಂದಷ್ಟು ಟವೆಲು ಹೇರುತ್ತಾರೆ. ಈ ಮನೆಯಲ್ಲಿ ಸುಮ್ಮನೆ ನಿಂತು ನೋಡುವವರಿಗೆ ಜಾಗವಿಲ್ಲ. ನಿಲ್ಲುವುದಾದರೆ ಕೈ ಕಟ್ಟಿ ನಿಲ್ಲಬೇಕು, ಇಲ್ಲವೇ ಹೊರಬೇಕು.

ಇದು ಅಂಗವೈಕಲ್ಯ ಇರುವವರ ವಸತಿಮನೆ. ಮೂರು ಮಹಡಿ, ಆಗಾಗ ಮುನಿಸಿಕೊಳ್ಳುವ ಒಂದು ಲಿಫ್ಟು, ನಲವತ್ತು ಚಿಲ್ಲರೆ ಜನ. ಊರೇ ಹೊಟ್ಟೆಪಾಡಿಗೆಂದು ಬಂದವರ ಊರಾದ್ದರಿಂದ ಈ ಮನೆಯಲ್ಲೂ ನಾಲ್ಕು ದಿಕ್ಕಿನವರಿದ್ದಾರೆ. ಒಂದು ಮಹಡಿಯಲ್ಲಿ ಏಳೆಂಟು ಭಾಷೆ ಕೇಳುತ್ತದೆ. ಎದ್ದ ಕೂಡಲೇ ಪ್ರಾರ್ಥನೆ ಮಾಡುವವರು, ಎದ್ದ ಕೂಡಲೇ ರೇಡಿಯೋ ಹಾಕುವವರು, ಇದನ್ನು ತಿನ್ನುವವರು, ಅದರ ವಾಸನೆಯೇ ಆಗದವರು ಎಲ್ಲರೂ ಅಕ್ಕಪಕ್ಕದ ಮಂಚಗಳಲ್ಲಿ ಮಲಗುತ್ತಾರೆ. ಮನೆ ನಡೆಸುವ ಸಮಿತಿಯವರದು ಮಾತ್ರ ಒಂದೇ ಭಾಷೆ, ಕಚೇರಿಯ ಭಾಷೆ. ಅಕ್ಕ ಇಲ್ಲಿ ವರ್ಷಗಟ್ಟಲೆ, ಮೊನ್ನೆ ಮೊನ್ನೆಯವರೆಗೂ, ಬೆಳಗಿನ ಪಾಳಿಯ ಮುಖ್ಯಸ್ಥೆಯಾಗಿದ್ದವರು. ಎಬ್ಬಿಸುವುದು, ಸ್ನಾನ, ಬಟ್ಟೆ, ತಿಂಡಿ, ಮಾತ್ರೆ, ಇಷ್ಟು ಅವರ ಕೆಲಸ ಎಂದು ಸಮಿತಿ ತಿಳಿದಿದೆ. ಅವರ ನಿಜವಾದ ಕೆಲಸ ಬೇರೆಯೇ ಇದೆ, ಅದನ್ನು ಯಾರೂ ಅವರಿಗೆ ವಹಿಸಿಲ್ಲ. ಬಟ್ಟೆ ಒಗೆಯುವವರು, ನೆಲ ಒರೆಸುವವರು, ಮಂಚದ ಮೇಲೆ ಮಲಗಿದವರು, ಯಾರನ್ನು ಈ ಮನೆಯಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲವೋ ಅವರನ್ನು ಆರಿಸಿ ಮುಂದಾಳುಗಳಾಗಿ ಮಾಡುವುದು.

ಈ ಹಟ ಎಲ್ಲಿಂದ ಬಂತು ಎಂದರೆ ಅಕ್ಕ ಮೊದಲು ಮಾತು ಹಾರಿಸುತ್ತಾರೆ. ಮಧ್ಯಾಹ್ನ, ಪಾಳಿ ಮುಗಿದು ಚಹಾ ಕೈಗೆ ಬಂದ ಮೇಲೆ ಹೇಳುತ್ತಾರೆ. ಅವರ ತಮ್ಮ ಹುಟ್ಟಿನಿಂದ ಬುದ್ಧಿಯಲ್ಲಿ ನಿಧಾನ. ಅಮ್ಮ ಬೇರೆ ಸೀಮೆಯಿಂದ ಬಂದವರು, ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದವರು. ದುಡಿಯುತ್ತಾ ನೋಡಿಕೊಳ್ಳಲಾಗದೆ ಮಗನನ್ನು ಇಂಥದೇ ಒಂದು ಮನೆಯಲ್ಲಿ ಬಿಟ್ಟರು. ಅಲ್ಲಿನವರು ಒಂದು ಷರತ್ತು ಹಾಕಿದರು: ಭೇಟಿಗೆ ಬಂದಾಗ ನಿಮ್ಮ ಭಾಷೆಯಲ್ಲಿ ಮಾತಾಡಬಾರದು, ಹುಡುಗನಿಗೆ ಗೊಂದಲವಾಗುತ್ತದೆ, ಕಲಿತದ್ದು ಮರೆತುಹೋಗುತ್ತದೆ.

“ಅಮ್ಮನಿಗೆ ಬೇರೆ ಭಾಷೆ ಎಲ್ಲಿ ಬರ್ತಿತ್ತು?” ಅಕ್ಕ ಲೋಟ ಕೆಳಗಿಡುತ್ತಾರೆ. “ಹೆತ್ತ ಮಗನ ಮುಂದೆ ಮೂಗಿ ಥರ ಕೂತಿರ್ತಿದ್ದಳು. ಕಿತ್ತಳೆ ಹಣ್ಣು ಸುಲಿದು ಒಂದೊಂದೇ ತೊಳೆ ಬಾಯಿಗಿಡೋಳು. ಹಣ್ಣು ಮುಗಿದರೆ ಭೇಟಿ ಮುಗೀತು. ಅವನು ಅಮ್ಮನಿಗೆ ಕೋಪ ಬಂದಿದೆ ಅಂದ್ಕೊಂಡ. ಎಷ್ಟೋ ವರ್ಷ ಹಾಗೇ ಅಂದ್ಕೊಂಡಿದ್ದ. ನಾನು ಪಕ್ಕದಲ್ಲೇ ಕೂತಿದ್ದೆ, ಹನ್ನೆರಡು ವರ್ಷ ನನಗೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯೋದೂ ಬೇಡ.”

ಸಂಬಳ ಅಂತ ಒಂದು ಕೈಗೆ ಬಂದ ಮೊದಲ ತಿಂಗಳೇ ಅವರು ತಮ್ಮನನ್ನು ಮನೆಗೆ ಕರೆತಂದರು. ಆತ ಈಗ ಐವತ್ತರ ಹತ್ತಿರದವನು. ಮಾರುಕಟ್ಟೆಯಲ್ಲಿ ತರಕಾರಿ ಬುಟ್ಟಿ ಇಳಿಸುತ್ತಾನೆ, ಸಂಜೆ ಟಿವಿಯ ರಿಮೋಟು ಯಾರಿಗೂ ಕೊಡುವುದಿಲ್ಲ, ಅಕ್ಕನ ಗಂಡನನ್ನು ಅಡ್ಡಹೆಸರಿನಿಂದ ಕರೆಯುತ್ತಾನೆ. “ಭಾವ ಮೈದುನ ಇಬ್ಬರೂ ಸೇರಿದರೆ ಮನೆಯಲ್ಲಿ ನನ್ನ ಮಾತು ನಡೆಯಲ್ಲ,” ಎನ್ನುವಾಗ ಗಂಟುಮೋರೆ ಸ್ವಲ್ಪ ಸಡಿಲಾಗುತ್ತದೆ.

ಈ ವಸತಿಮನೆಗೆ ಅಕ್ಕ ಬಂದದ್ದು ಬರೀ ಸ್ನಾನ ಮಾಡಿಸುವ ಕೆಲಸಕ್ಕೆ. ಬಂದ ಕೆಲವೇ ವರ್ಷಗಳಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಎಲ್ಲರೂ ಬಲ್ಲರು. ಕೆಳಗಿನ ಮಹಡಿಯಲ್ಲಿ ಕಣ್ಣು ಕಾಣದ ಒಬ್ಬ ಅಜ್ಜ ಇದ್ದರು, ಈಗಲೂ ಇದ್ದಾರೆ. ಹಿಂದೆ ಲಾರಿ ಓಡಿಸುತ್ತಿದ್ದವರು. ಅವರ ಭಾಷೆ ಪಾಳಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಎದೆಯವರೆಗೆ ಇಳಿದ ಬಿಳಿ ಗಡ್ಡ. ಒಮ್ಮೆ, ಅಧಿಕಾರಿಗಳು ನೋಡಲು ಬರುತ್ತಾರೆಂದು ಎಲ್ಲ ಗಂಡಸರಿಗೂ ಕ್ಷೌರ ಮಾಡಿಸಲು ಅಪ್ಪಣೆಯಾಯಿತು. ಅಕ್ಕನಿಗೆ ಅಂದು ವಾರದ ರಜೆ. ನಾಲ್ಕು ಜನ ಸೇರಿ ಅಜ್ಜನನ್ನು ಹಿಡಿದುಕೊಂಡು ಗಡ್ಡ ಬೋಳಿಸಿದರು. ಅಜ್ಜ ಕೂಗಾಡಿದರು, ಹೊಡೆಯಲು ಬಂದರು ಎಂದು ವರದಿಯಲ್ಲಿ ಬರೆದರು.

ಮರುದಿನ ಅಕ್ಕ ಬಂದಾಗ ಅಜ್ಜ ಮುಖಕ್ಕೆ ಟವೆಲು ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದರು. ಊಟ ಬೇಡ, ನೀರೂ ಬೇಡ. ಅಕ್ಕ ಮಹಡಿ ಮಹಡಿ ಸುತ್ತಿ, ಇವರ ಮಾತು ಯಾರಿಗಾದರೂ ಬರುತ್ತದಾ ಎಂದು ಕೇಳಿದರು. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸು ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದರು. ಆ ಅಜ್ಜನ ಬಟ್ಟೆಯನ್ನು ವರ್ಷಗಳಿಂದ ಒಗೆಯುತ್ತಿದ್ದವರು, ಅವರದೇ ಸೀಮೆಯವರು. ಅಂಥವರೊಬ್ಬರು ಕೆಳಗಿದ್ದಾರೆಂದು ಅಜ್ಜನಿಗೆ ಯಾರೂ ಹೇಳಿರಲಿಲ್ಲ, ಅಂಥವರೊಬ್ಬರು ಮೇಲಿದ್ದಾರೆಂದು ಆಕೆಗೂ ಗೊತ್ತಿರಲಿಲ್ಲ.

“ಆ ಗಡ್ಡ ಅವರು ದೇವರಿಗೆ ಬಿಟ್ಟಿದ್ದಂತೆ,” ಎನ್ನುತ್ತಾರೆ ಅಕ್ಕ. “ಹೆಂಡತಿ ಕಾಯಿಲೆ ಬಿದ್ದಾಗ ಬಿಟ್ಟಿದ್ದು. ಹೆಂಡತಿ ಉಳೀಲಿಲ್ಲ, ಗಡ್ಡ ಉಳಿದಿತ್ತು. ಒಂದು ಪ್ರಶ್ನೆ ಕೇಳಿದ್ದರೆ ಮುಗೀತಿತ್ತು. ಕೇಳೋಕೆ ಬಾಯಿ ಇದ್ದೋಳು ನೆಲಮಾಳಿಗೆಯಲ್ಲಿ ಸೋಪಿನ ನೀರಲ್ಲಿ ಕೈ ಅದ್ದಿಕೊಂಡು ಕೂತಿದ್ದಳು.”

ಅಂದಿನಿಂದಲೇ ಕೈ ಕಟ್ಟುವ ನಿಯಮ ಶುರುವಾಯಿತು. ಹೊಸದಾಗಿ ಯಾರೇ ಸೇರಲಿ, ಮಂಚದ ಮೇಲಿರುವವರು ಹೇಳುವವರೆಗೆ ಮುಟ್ಟುವಂತಿಲ್ಲ. ಮಾತು ಬಾರದವರು ಕಣ್ಣಿನಲ್ಲಿ, ಬೆರಳಿನಲ್ಲಿ ಹೇಳುತ್ತಾರೆ. ಅದು ತಿಳಿಯುವವರೆಗೆ ನಿಂತೇ ಇರಬೇಕು. ಮಂಚದ ಮೇಲಿರುವವರನ್ನು ಏಕವಚನದಲ್ಲಿ ಕರೆದರೆ ಅಕ್ಕ ಅಲ್ಲೇ ತಡೆಯುತ್ತಾರೆ: “ಅವರೇನು ನಿನ್ನ ಹೊಟ್ಟೇಲಿ ಹುಟ್ಟಿದಾರಾ?” ಪಾಳಿ ನಡೆಸುವ ಆಸೆ ಇರುವ ಕೆಲಸದವರೂ ನಿವಾಸಿಗಳೂ ಸರದಿಯ ಮೇಲೆ ಒಂದು ವಾರ ನಡೆಸಿ ತೋರಿಸಬೇಕು. ಪಾಸು ಫೇಲು ಮಾಡುವವರು ಅಕ್ಕ ಅಲ್ಲ, ಆ ವಾರ ಅವರ ಕೈಯಲ್ಲಿ ಸ್ನಾನ ಮಾಡಿದವರು, ತಿಂಡಿ ತಿಂದವರು. ಶನಿವಾರ ಚಹಾದ ಹೊತ್ತಿಗೆ ಊಟದ ಮನೆಯಲ್ಲಿ ತೀರ್ಪು. ನೆಲ ಒರೆಸುವ ಒಬ್ಬರು ಮೂರು ಸಲ ಫೇಲಾಗಿದ್ದಾರೆ, ಬೆಳ್ಳಂಬೆಳಗ್ಗೆ ಅತಿಯಾಗಿ ಮಾತಾಡುತ್ತಾರೆ ಎಂಬ ಒಂದೇ ಕಾರಣಕ್ಕೆ. ನಾಲ್ಕನೇ ಸಲಕ್ಕೆ ತಯಾರಿ ನಡೆಸಿದ್ದಾರೆ, ಆ ತಯಾರಿಯ ಬಗ್ಗೆಯೂ ಎಲ್ಲರ ಹತ್ತಿರ ಮಾತಾಡುತ್ತಿದ್ದಾರೆ.

ಬಟ್ಟೆ ಒಗೆಯುತ್ತಿದ್ದ ಹೆಂಗಸು ಈಗ ಮಧ್ಯಾಹ್ನದ ಪಾಳಿಯ ಮುಖ್ಯಸ್ಥೆ. ಅವರ ಮೊದಲ ವಾರದ ಎಡವಟ್ಟನ್ನು ಅವರೇ ನಗುತ್ತಾ ಹೇಳಿಕೊಳ್ಳುತ್ತಾರೆ. ಒಂದೇ ಸೀಮೆಯ ಇಬ್ಬರು ಗಂಡಸರು ಬೇರೆ ಬೇರೆ ಮೇಜಿನಲ್ಲಿ ಊಟ ಮಾಡುತ್ತಿರುವುದು ಕಂಡು, ಇಬ್ಬರ ಗಾಲಿಕುರ್ಚಿಯನ್ನೂ ಎದುರುಬದುರು ತಂದು ನಿಲ್ಲಿಸಿದ್ದರು. ಇನ್ನು ಬಾಯ್ತುಂಬ ಮಾತಾಡಿಕೊಳ್ಳುತ್ತಾರೆ ಎಂದುಕೊಂಡು ಆ ಕಡೆ ತಿರುಗುವಷ್ಟರಲ್ಲಿ ಒಬ್ಬರ ಸಾರಿನ ಬಟ್ಟಲು ಇನ್ನೊಬ್ಬರ ಅಂಗಿಯ ಮೇಲಿತ್ತು. ಎರಡು ಮನೆತನಕ್ಕೂ ತಾತನ ಕಾಲದ ವೈರವಂತೆ. “ಒಂದೇ ಭಾಷೆ ಅಂದ ಮಾತ್ರಕ್ಕೆ ಬೀಗರಾಗಿಬಿಡ್ತಾರಾ?” ಎಂದು ಅಕ್ಕ ಅವರನ್ನು ಈಗಲೂ ಕಾಡಿಸುತ್ತಾರೆ. ಆ ವಾರ ಆಕೆಯನ್ನು ಫೇಲು ಮಾಡಿದವರಲ್ಲಿ ಸಾರು ಚೆಲ್ಲಿದವರೂ ಇದ್ದರು, ಚೆಲ್ಲಿಸಿಕೊಂಡವರೂ ಇದ್ದರು. ಇಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಸಮಿತಿಗೂ ಎಲ್ಲರನ್ನೂ ಒಳಗೊಳ್ಳಬೇಕೆಂಬ ಆಸೆ ಇಲ್ಲದಿಲ್ಲ. ಒಮ್ಮೆ ಹೊರಗಿನಿಂದ ತರಬೇತುದಾರರನ್ನು ಕರೆಸಿದರು. ಅವರು ಕೆಲಸದವರ ಕಣ್ಣಿಗೆಲ್ಲ ಬಟ್ಟೆ ಕಟ್ಟಿ ಕಾರಿಡಾರಿನಲ್ಲಿ ನಡೆಸಿದರು. “ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ಬಟ್ಟೆ ಕಷ್ಟ ಗೊತ್ತಾಗತ್ತೆ,” ಎಂದು ಅಕ್ಕ ತಮ್ಮ ಕಣ್ಣಿನ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟರು. “ಕಣ್ಣು ಕಾಣದೋರ ಕಷ್ಟ ಗೊತ್ತಾಗಬೇಕಾದರೆ ಅವರನ್ನೇ ಕೇಳಬೇಕು. ಕೆಳಗಿನ ಮಹಡೀಲೇ ಇದಾರೆ.” ಇನ್ನೊಮ್ಮೆ ಎಲ್ಲ ನಿವಾಸಿಗಳೂ ತಮ್ಮ ತಮ್ಮ ಸೀಮೆಯ ಉಡುಪು ತೊಟ್ಟು ವೇದಿಕೆಯ ಮೇಲೆ ಹಾಡಬೇಕೆಂದು ಏರ್ಪಾಡಾಯಿತು. ಲಾರಿ ಅಜ್ಜ ನೆಟ್ಟಗೆ ಹೇಳಿದರು, “ನನಗೆ ಹಾಡೋಕೆ ಬರಲ್ಲ. ಲಾರಿ ತಂದುಕೊಡಿ, ಓಡಿಸ್ತೀನಿ.”

ಇಷ್ಟು ವರ್ಷ ಇಂಥವನ್ನೆಲ್ಲ ಅಕ್ಕ ಬಾಯಿಮಾತಿನಲ್ಲೇ ಎದುರಿಸಿದ್ದಾರೆ. ಈಚೆಗೆ ಬಂದದ್ದು ಬೇರೆ ತರಹದ ಜಗಳ. ಅಕ್ಕನ ಮೊಣಕಾಲು ಸವೆದುಹೋಗಿದೆ. ಇನ್ನು ಮುಖ್ಯಸ್ಥೆಯ ಓಡಾಟ ಆಗದು, ಕೂತು ಮಾಡುವ ಕೆಲಸವಿದ್ದರೆ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಬೆಳಗಿನ ಪಾಳಿಯನ್ನು ಯಾರಿಗಾದರೂ ಒಪ್ಪಿಸಲೇಬೇಕಾಯಿತು. ಒಪ್ಪಿಸುವುದಾದರೆ ಯಾರಿಗೆಂದು ಅವರು ಎಂದೋ ತೀರ್ಮಾನಿಸಿದ್ದರು: ಕಿಟಕಿ ಪಕ್ಕದ ಮಂಚದ ಆ ನಡುಗುವ ಕೈಯವಳಿಗೆ.

ಮನೆಯಲ್ಲಿ ಅವಳನ್ನು ದರ್ಜಿಯ ಮಗಳು ಎನ್ನುತ್ತಾರೆ. ಅಪ್ಪ ಸಂದಿಯೊಂದರಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು. ಅವಳು ಬೆಳೆದದ್ದು ಆ ಯಂತ್ರದ ಪಕ್ಕದ ಚಾಪೆಯ ಮೇಲೆ. ಬರುವ ಹೋಗುವ ಗಿರಾಕಿಗಳ ಜೊತೆ ಹರಟುತ್ತಲೇ ನಾಲ್ಕೈದು ಭಾಷೆ ಕಲಿತಳು. ಯಾರಿಗೆ ಅಳತೆ ತೆಗೆಯುವಾಗ ಮುಟ್ಟಿದರೆ ಆಗದು, ಯಾರು ಹೆಂಗಸರ ಕೈಯಲ್ಲೇ ಅಳತೆ ಕೊಡುತ್ತಾರೆ, ಯಾರಿಗೆ ಬಿಗಿ ಬೇಕು, ಯಾರಿಗೆ ಸಡಿಲ ಬೇಕು ಎಂಬುದನ್ನೆಲ್ಲ ಅಲ್ಲೇ ಕೂತು ನೋಡಿದವಳು. ಅಪ್ಪ ತೀರಿಕೊಂಡ ಮೇಲೆ ಇಲ್ಲಿಗೆ ಬಂದಳು. ಪಾಳಿ ನಡೆಸುವ ವಾರದ ಪರೀಕ್ಷೆಯಲ್ಲಿ ಅವಳನ್ನು ಇದುವರೆಗೆ ಯಾರೂ ಫೇಲು ಮಾಡಿಲ್ಲ.

ಸಮಿತಿಯ ನಿಯಮ ಬೇರೆ ಹೇಳುತ್ತದೆ. ಪಾಳಿಯ ಮುಖ್ಯಸ್ಥರು ಒಬ್ಬ ಆಳನ್ನು ಎತ್ತಬಲ್ಲವರಾಗಿರಬೇಕು, ಕಚೇರಿಯ ಭಾಷೆಯಲ್ಲಿ ವರದಿ ಬರೆಯಬೇಕು. ದರ್ಜಿಯ ಮಗಳಿಂದ ಎರಡೂ ಆಗದು. ಸಮಿತಿ ಹೊರಗಿನಿಂದ ಡಿಪ್ಲೊಮಾ ಓದಿದ ಒಬ್ಬ ಯುವಕನನ್ನು ಆರಿಸಿ ಕಳಿಸಿತು. “ಒಳ್ಳೆಯವನು,” ಎನ್ನುತ್ತಾರೆ ಅಕ್ಕ. “ಬಂದ ದಿನವೇ ಕೈ ಕಟ್ಟಿ ನಿಂತ, ಬೇಜಾರು ಮಾಡಿಕೊಳ್ಳಲಿಲ್ಲ. ಮುಂದೆ ಒಂದು ದಿನ ಚೆನ್ನಾಗಿ ನಡೆಸ್ತಾನೆ. ಆದರೆ ಸರದಿ ಅವನದಲ್ಲ.”

ಅಕ್ಕ ದರ್ಜಿಯ ಮಗಳನ್ನು ಕರೆದುಕೊಂಡು ಸಮಿತಿಯ ಸಭೆಗೆ ಹೊರಟರು. ಹಿಂದೆ ಲಾರಿ ಅಜ್ಜ, ಮಧ್ಯಾಹ್ನದ ಪಾಳಿಯವರು, ರಜೆಯಲ್ಲಿದ್ದ ಇಬ್ಬರು. ಸಭೆಯ ಕೋಣೆ ಕೆಳಗಿನ ಮಹಡಿಯ ತುದಿಯಲ್ಲಿದೆ. ಅದರ ಬಾಗಿಲಿಗೆ ಎರಡು ಮೆಟ್ಟಿಲು. ಗಾಲಿಕುರ್ಚಿಯವರ ಮನೆಯಲ್ಲಿ ಗಾಲಿಕುರ್ಚಿ ಹೋಗದ ಕೋಣೆ ಅದೊಂದೇ. ಇಷ್ಟು ವರ್ಷ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ಗಾಲಿಕುರ್ಚಿಯವರನ್ನು ಯಾರೂ ಆ ಕೋಣೆಗೆ ಕರೆದಿರಲಿಲ್ಲ.

ಕಾರ್ಯದರ್ಶಿಗಳು ಮುಜುಗರದಿಂದ ಎದ್ದು ಬಂದರು. “ಒಂದು ನಿಮಿಷ, ಇಬ್ಬರನ್ನ ಕರೆಸ್ತೀನಿ. ಎತ್ತಿ ಒಳಗೆ ಕೂರಿಸ್ತಾರೆ.”

ದರ್ಜಿಯ ಮಗಳು ಗಂಟಲು ಸರಿಮಾಡಿಕೊಂಡಳು. ಮಾತು ಹೊರಡಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಕೋಣೆಯೊಳಗಿನವರೆಲ್ಲ ಕಾದರು.

“ನನ್ನನ್ನ ಎತ್ತಬೇಡಿ,” ಎಂದಳು. “ನೀವು ಇಳಿದು ಬನ್ನಿ.”

ಅಕ್ಕನೇ ಹೇಳುವಂತೆ, ಇದನ್ನು ಅವರು ಹೇಳಿಕೊಟ್ಟಿರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿದರು. ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಸಭೆ ಕಾರಿಡಾರಿನಲ್ಲಿ, ಬಕೆಟ್ಟು ಟವೆಲುಗಳ ನಡುವೆ ನಡೆಯಿತು.

ಅಧ್ಯಕ್ಷರು ಕೆಟ್ಟವರಲ್ಲ. ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಬಚ್ಚಲಲ್ಲಿ ಯಾರಾದರೂ ಬಿದ್ದರೆ ಎತ್ತುವವರು ಯಾರು ಎಂದು ಕೇಳಿದರು.

“ಎತ್ತೋಕೆ ಎಂಟು ಜನ ಇದೀವಿ ಸಾರ್,” ಎಂದರು ಅಕ್ಕ. “ಎತ್ತೋದಕ್ಕೆ ಮುಖ್ಯಸ್ಥರು ಯಾಕೆ ಬೇಕು? ನೀವು ಇಷ್ಟು ವರ್ಷ ಅಧ್ಯಕ್ಷರಾಗಿದೀರಿ, ಯಾರನ್ನಾದರೂ ಎತ್ತಿದೀರಾ?”

ಆಗ ಲಾರಿ ಅಜ್ಜ ಗೋಡೆ ಹಿಡಿದು ಎದ್ದು ನಿಂತರು. ಅವರ ಮಾತನ್ನು ಮಧ್ಯಾಹ್ನದ ಪಾಳಿಯ ಹೆಂಗಸು ಒಂದೊಂದೇ ವಾಕ್ಯವಾಗಿ ಕಚೇರಿಯ ಭಾಷೆಗೆ ಇಳಿಸಿದರು. “ನನ್ನ ಗಡ್ಡ ತೆಗೆದ ದಿನ ಎತ್ತೋರು ನಾಲ್ಕು ಜನ ಇದ್ದರು. ಕೈ ಕಾಲು ಎಲ್ಲ ಗಟ್ಟಿಮುಟ್ಟಾದೋರು. ಬೇಡ ನಿಲ್ಲಿಸಿ ಅನ್ನೋಕೆ ಒಬ್ಬರಿರಲಿಲ್ಲ. ಈ ಹುಡುಗಿ ಇದ್ದಿದ್ದರೆ ಅಂತಿದ್ದಳು.”

ಸಮಿತಿಯವರು ತಲೆಗೆ ತಲೆ ಕೂಡಿಸಿ ಪಿಸುಗುಟ್ಟಿಕೊಂಡು, ಒಂದು ಹಾದಿ ಕಂಡುಕೊಂಡರು: ಯುವಕ ಮುಖ್ಯಸ್ಥನಾಗಲಿ, ಈಕೆ ಸಹಾಯಕ ಮುಖ್ಯಸ್ಥೆಯಾಗಲಿ. ಇಬ್ಬರಿಗೂ ಬೇಸರವಾಗದು ಎಂಬುದು ಅವರ ಲೆಕ್ಕ. ದರ್ಜಿಯ ಮಗಳು ತಲೆ ಅಡ್ಡಡ್ಡ ಆಡಿಸಿದಳು. “ಅರ್ಧ ಬೇಡ,” ಎಂದಳು, ಅಷ್ಟೇ.

ಅಕ್ಕ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನು ಬಿಚ್ಚಿ ಅಧ್ಯಕ್ಷರ ತೊಡೆಯ ಮೇಲಿಟ್ಟರಂತೆ. “ಹಾಗಾದರೆ ನಾಳೆ ಬೆಳಗ್ಗೆ ನೀವೇ ಬನ್ನಿ ಸಾರ್. ಬಾಯ್ಲರ್ ಆನ್ ಮಾಡೋದು ಹೇಗೆ ಅಂತ ಈಗಲೇ ತೋರಿಸಿಬಿಡ್ತೀನಿ.” ಮಧ್ಯಾಹ್ನದ ಪಾಳಿಯವರೂ ತಮ್ಮ ಏಪ್ರನ್ನಿನ ಗಂಟಿಗೆ ಕೈ ಹಾಕಿದರು. ಯಾರೂ ನಿರೀಕ್ಷಿಸದ ಕಡೆಯಿಂದ ದನಿ ಬಂತು. ಆ ಯುವಕ ಕಾರಿಡಾರಿನ ಕೊನೆಯಲ್ಲಿ ನಿಂತಿದ್ದ. “ನಾನು ಅವರ ಕೈಕೆಳಗೆ ಮಾಡ್ತೀನಿ ಸಾರ್,” ಎಂದ. “ಅವರು ಹೇಳಲಿ, ವರದಿ ನಾನು ಬರೀತೀನಿ.”

ಮೂರು ತಿಂಗಳು ನೋಡೋಣ ಎಂದಿತು ಸಮಿತಿ. ಪೂರ್ತಿ ಮುಖ್ಯಸ್ಥೆ, ಆದರೆ ಮೂರು ತಿಂಗಳು. ನಿಯಮ ಹಾಗೇ ಇದೆ, ತಿದ್ದುವ ಮಾತು ಇನ್ನೂ ಬಂದಿಲ್ಲ. ಅಕ್ಕನಿಗೆ ಅದರ ಮೇಲೂ ಸಿಟ್ಟಿದೆ. “ಹೊರಗಿನಿಂದ ಬಂದ ಎಷ್ಟು ಜನರನ್ನ ಇವರು ಮೂರು ತಿಂಗಳು ನೋಡಿದಾರೆ? ಇರಲಿ. ನೋಡಲಿ. ಕಣ್ಣು ಬಿಟ್ಟುಕೊಂಡು ನೋಡಲಿ.” ಕೂತು ಮಾಡುವ ಕೆಲಸ ಕೊಡುತ್ತೇವೆಂದರೂ ಅವರು ಕಚೇರಿಗೆ ಹೋಗಿಲ್ಲ. ತಿಂಡಿ ತಿನ್ನಿಸುವುದು, ತಲೆ ಬಾಚುವುದು ಸ್ಟೂಲಿನ ಮೇಲೆ ಕೂತೇ ಆಗುತ್ತದೆ ಎಂದು ಹಟ ಹಿಡಿದು ಬೆಳಗಿನ ಪಾಳಿಯಲ್ಲೇ ಸಾಮಾನ್ಯ ಕೆಲಸದವರಾಗಿ ಉಳಿದಿದ್ದಾರೆ.

ಇಂದು ದರ್ಜಿಯ ಮಗಳ ಪಾಳಿಯ ಎರಡನೇ ದಿನ. ಎದ್ದು, ಮುಖ ತೊಳೆದು, ತಲೆ ಬಾಚಿಸಿಕೊಂಡು ಅವಳು ಕಾರಿಡಾರಿನ ನಡುವೆ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಯುವಕ ಅವಳ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದಾನೆ. ಅವಳು ಒಂದೊಂದು ಕೋಣೆಯ ಕಡೆ ಮುಖ ಮಾಡಿ ಕೆಲಸ ಹಂಚುತ್ತಿದ್ದಾಳೆ, ನಿಧಾನವಾಗಿ. ಎಲ್ಲರೂ ಕಾಯುತ್ತಾರೆ, ಕಾಯುವುದು ಈಗ ಅಭ್ಯಾಸವಾಗಿದೆ. ಹೊಸ ಯುವತಿ ಬಕೆಟ್ಟು ಹಿಡಿದು ಎತ್ತ ಹೋಗಬೇಕೆಂದು ತಿಳಿಯದೆ ನಿಂತದ್ದನ್ನು ಕಂಡು ಅಕ್ಕನ ಬಾಯಿ ಸುಮ್ಮನಿರುವುದಿಲ್ಲ. ಸ್ಟೂಲಿನ ಮೇಲಿಂದಲೇ ಕೂಗುತ್ತಾರೆ: “ಅಲ್ಲ ಕಣೆ, ಮೊದಲು ಆ ತುದಿ ಕೋಣೆ. ಆಮೇಲೆ ಪಕ್ಕದ್ದು. ಎಷ್ಟು ಸಲ ಹೇಳಬೇಕು?”

ಗಾಲಿಕುರ್ಚಿ ನಿಧಾನವಾಗಿ ಅಕ್ಕನ ಕಡೆ ತಿರುಗುತ್ತದೆ.

“ಅಕ್ಕಾ,” ಎನ್ನುತ್ತಾಳೆ ದರ್ಜಿಯ ಮಗಳು. “ಈ ಪಾಳಿ ನನ್ನದು.”

ಅಕ್ಕ ಬಾಯಿ ಮುಚ್ಚುತ್ತಾರೆ. ಯುವತಿ ಇಬ್ಬರ ಮುಖವನ್ನೂ ನೋಡಿ, ದರ್ಜಿಯ ಮಗಳು ತೋರಿಸಿದ ಕೋಣೆಗೆ ಹೋಗುತ್ತಾಳೆ. ಅದು ತುದಿಯ ಕೋಣೆಯಲ್ಲ. ಅಕ್ಕ ಬಾಚಣಿಗೆ ಎತ್ತಿಕೊಂಡು, ಎದುರಿಗೆ ಕೂತವರ ತಲೆಯನ್ನು ಮತ್ತೆ ಬಾಚಲು ತೊಡಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಪತ್ರಿಕೆಯವರ ಕಡೆ ಬಾಗಿ, ಗುಟ್ಟು ಹೇಳುವವರಂತೆ ದನಿ ತಗ್ಗಿಸುತ್ತಾರೆ.

“ಇಷ್ಟು ವರ್ಷದಲ್ಲಿ ಈ ಮನೇಲಿ ಯಾರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ ಕಣ್ರೀ. ಬರ್ಕೊಳ್ಳಿ. ಅವಳಿಗೆ ಕಲಿಸಿದ್ದು ನಾನೇ.”